ಕಾಯಿ ಮಾಗುವ ಕಾಲ: ಐಸ್ ಹಾಕಿಯ ಎಳೆಯರ ಕುರಿತು ಓದುಗರ ಪ್ರಶ್ನೆಗಳು

ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೊಡಗಿನ ಮೈದಾನ. ಅಮೆರಿಕ, ಕೆನಡಾಗಳಲ್ಲಿ ಅದೇ ಮಾತಿಗೆ ಮಂಜುಗಡ್ಡೆಯ ಮೇಲಿನ ಆಟವೆಂದು ಅರ್ಥ. ಈ ತಿಂಗಳು ಬಂದ ಪತ್ರಗಳಲ್ಲಿ ಆರು ಆ ಎರಡನೆಯ ಹಾಕಿಯ ಬಗ್ಗೆ, ಅದರಲ್ಲೂ ಸೋತು ಸುಣ್ಣವಾದ ತಂಡವೊಂದು ಎಳೆಯ ಆಟಗಾರರನ್ನು ಆರಿಸಿ, ಬೆಳೆಸಿ, ಮತ್ತೆ ತಲೆಯೆತ್ತುವ ಬಗೆಯ ಬಗ್ಗೆ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಕೊಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಹದಿಮೂರು ವರ್ಷದ ಮಗ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಅಭಿಮಾನಿ. "2020ರಲ್ಲಿ ನಾವು ಕಟ್ಟಕಡೆಯ ಸ್ಥಾನದಲ್ಲಿದ್ದೆವು, ಆದರೂ ಮೊದಲ ಆಯ್ಕೆ ಬೇರೆಯವರ ಪಾಲಾಯಿತು, ನಮ್ಮ ತಂಡ ಹಾಳಾದದ್ದೇ ಅಲ್ಲಿಂದ" ಎನ್ನುತ್ತಾನೆ. ಕೊನೆಯವರಿಗೆ ಮೊದಲ ಆಯ್ಕೆ ಎಂಬುದು ನಿಯಮವಲ್ಲವೇ? (ನೋವೈ, ಮಿಶಿಗನ್)

ಉತ್ತರ: ನಿಮ್ಮ ಮಗನ ದೂರಿನಲ್ಲಿ ಅರ್ಧ ಸತ್ಯವಿದೆ. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಪ್ರತಿ ಬೇಸಿಗೆಯಲ್ಲಿ ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳಿಗೆ ಹಂಚುತ್ತದೆ. ಅದಕ್ಕೇ ಡ್ರಾಫ್ಟ್ ಎಂದು ಹೆಸರು. ಈಗ ಲೀಗಿನಲ್ಲಿ 32 ತಂಡಗಳಿವೆ, ಏಳು ಸುತ್ತುಗಳು ನಡೆಯುತ್ತವೆ. ಹಿಂದಿನ ಸೀಸನ್ನಿನಲ್ಲಿ ಕೆಳಗೆ ಉಳಿದವರು ಮೊದಲು ಆರಿಸುತ್ತಾರೆ ಎಂಬುದು ಮೂಲತತ್ವವಾದರೂ, ಬೇಕೆಂದೇ ಸೋಲುವವರನ್ನು ತಡೆಯಲು 1995ರಿಂದ ಅದರ ಮೇಲೊಂದು ಲಾಟರಿಯನ್ನು ಕೂರಿಸಿದ್ದಾರೆ. 1ರಿಂದ 14ರವರೆಗೆ ಅಂಕಿ ಬರೆದ ಹದಿನಾಲ್ಕು ಚೆಂಡುಗಳನ್ನು ಯಂತ್ರದಲ್ಲಿ ಕುಲುಕಿ ನಾಲ್ಕನ್ನು ಹೊರತೆಗೆಯುತ್ತಾರೆ. ಹಾಗೆ ಬರಬಹುದಾದ ಜೋಡಣೆಗಳು 1001. ಒಂದನ್ನು ಬಿಟ್ಟು ಉಳಿದ ಸಾವಿರವನ್ನು, ಪ್ಲೇಆಫ್ ತಲುಪದ ತಂಡಗಳಿಗೆ ಅವುಗಳ ಸ್ಥಾನಕ್ಕೆ ತಕ್ಕಂತೆ ಹಂಚಿರುತ್ತಾರೆ. ಕಟ್ಟಕಡೆಯ ತಂಡದ ಕೈಗೆ ಬರುವುದು 185. ನೂರಕ್ಕೆ ಹದಿನೆಂಟೂವರೆ ಎಂದರೆ ದೊಡ್ಡ ಪಾಲೇ ಸರಿ, ಆದರೆ ಐದರಲ್ಲಿ ನಾಲ್ಕು ಸಲ ಆ ಚೆಂಡುಗಳು ಇನ್ನೊಬ್ಬರ ಕಡೆಗೇ ಉರುಳುತ್ತವೆ ಎಂಬುದೂ ಅಷ್ಟೇ ನಿಜ.

2019–20ರಲ್ಲಿ ಡೆಟ್ರಾಯಿಟ್ ಆಡಿದ್ದು 71 ಪಂದ್ಯ, ಗೆದ್ದದ್ದು 17, ಗಳಿಸಿದ ಅಂಕ 39. ಅದಕ್ಕಿಂತ ಒಂದೇ ಮೆಟ್ಟಿಲು ಮೇಲಿದ್ದ ಒಟ್ಟಾವ ತಂಡಕ್ಕೆ 62 ಅಂಕಗಳಿದ್ದವು ಎಂದರೆ ಆ ಸೀಸನ್ನು ಎಂಥದ್ದೆಂದು ಊಹಿಸಬಹುದು. ಆಗಿನ ಪದ್ಧತಿಯಲ್ಲಿ ಮೊದಲ ಮೂರೂ ಸ್ಥಾನಗಳಿಗೆ ಚೀಟಿ ಎತ್ತುತ್ತಿದ್ದುದರಿಂದ ಕೊನೆಯ ತಂಡ ನಾಲ್ಕನೆಯ ಸ್ಥಾನದವರೆಗೆ ಜಾರಬಹುದಿತ್ತು, ಹಾಗೆಯೇ ಜಾರಿತು. ನ್ಯೂಯಾರ್ಕ್ ರೇಂಜರ್ಸ್ ಮೊದಲ ಆಯ್ಕೆಯಾಗಿ ಅಲೆಕ್ಸಿ ಲಾಫ್ರನಿಯೇರ್ ಅವರನ್ನು ತೆಗೆದುಕೊಂಡಿತು. ಈಗ ನಿಯಮ ಬದಲಾಗಿದೆ. ಎರಡೇ ಸಲ ಎತ್ತುತ್ತಾರೆ, ಕೊನೆಯ ತಂಡ ಮೂರನೆಯ ಸ್ಥಾನಕ್ಕಿಂತ ಕೆಳಗೆ ಹೋಗುವುದಿಲ್ಲ.

ಇಷ್ಟು ಸತ್ಯದ ಅರ್ಧ. ಇನ್ನರ್ಧ ಹೀಗಿದೆ: ಆ ನಾಲ್ಕನೆಯ ಸ್ಥಾನದಲ್ಲಿ ಡೆಟ್ರಾಯಿಟ್‌ಗೆ ಸಿಕ್ಕವರು ಸ್ವೀಡನ್ನಿನ ಲೂಕಾಸ್ ರೇಮಂಡ್. 2024–25ರ ಸೀಸನ್ನಿನಲ್ಲಿ ಅವರು 80 ಅಂಕ ಗಳಿಸಿದರು (ಆಟಗಾರನ ಅಂಕವೆಂದರೆ ಅವನು ಹೊಡೆದ ಗೋಲುಗಳು ಮತ್ತು ಇತರರ ಗೋಲಿಗೆ ಕೊಟ್ಟ ನೆರವು ಸೇರಿದ ಮೊತ್ತ). ಲಾಫ್ರನಿಯೇರ್ ಅದರ ಹತ್ತಿರಕ್ಕೂ ಬರಲಿಲ್ಲ. ಹಾಗಾಗಿ ಕೊರಗಬೇಕಾದದ್ದು 2020ರ ಬಗ್ಗೆ ಅಲ್ಲ, 2018ರ ಬಗ್ಗೆ ಎಂದು ನಿಮ್ಮ ಮಗನಿಗೆ ಹೇಳಿ. ಆ ವರ್ಷ ಆರನೆಯ ಆಯ್ಕೆಯಲ್ಲಿ ಡೆಟ್ರಾಯಿಟ್ ತೆಗೆದುಕೊಂಡದ್ದು ಫಿಲಿಪ್ ಝದಿನಾ ಅವರನ್ನು. ಏಳನೆಯವರಾಗಿ ವ್ಯಾಂಕೂವರ್ ಪಾಲಾದ ಕ್ವಿನ್ ಹ್ಯೂಸ್ ಆಗ ಆಡುತ್ತಿದ್ದುದು ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯಕ್ಕೆ, ಅಂದರೆ ನಿಮ್ಮ ಮನೆಯಿಂದ ಅರ್ಧ ಗಂಟೆಯ ಹಾದಿಯಲ್ಲಿ. ಹ್ಯೂಸ್ 2024ರಲ್ಲಿ ಲೀಗಿನ ಶ್ರೇಷ್ಠ ಡಿಫೆನ್ಸ್ ಆಟಗಾರನಿಗೆ ಸಲ್ಲುವ ನಾರಿಸ್ ಟ್ರೋಫಿ ಪಡೆದರು. ಝದಿನಾ ಅವರ ಒಪ್ಪಂದ 2023ರಲ್ಲಿ ರದ್ದಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತಿಗೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ತಿಳಿದಿಲ್ಲ. ಆದರೂ ಒಂದು ನ್ಯಾಯದ ಮಾತು ಹೇಳಬೇಕು. ಅಂದು ಬಹಳಷ್ಟು ಪಟ್ಟಿಗಳಲ್ಲಿ ಝದಿನಾ ಆರಕ್ಕಿಂತ ಮೇಲಿದ್ದರು, ಅವರು ಅಲ್ಲಿಯವರೆಗೆ ಉಳಿದದ್ದೇ ಅದೃಷ್ಟವೆಂದು ಡೆಟ್ರಾಯಿಟ್‌ನ ಜನ ಹಿಗ್ಗಿದ್ದರು.

ಪ್ರಶ್ನೆ: ಐಪಿಎಲ್‌ನಲ್ಲಿರುವಂತೆ ಹರಾಜು ಹಾಕಿ, ದುಡ್ಡಿದ್ದವರು ಕೊಂಡುಕೊಳ್ಳುವುದು ಸುಲಭವಲ್ಲವೇ? (ವಿರಾಜಪೇಟೆ)

ಉತ್ತರ: ಸುಲಭವೇನೋ ಹೌದು, ಆದರೆ ಹರಾಜಿನಲ್ಲಿ ಆಟಗಾರನಿಗೆ ಬೆಲೆ ಕಟ್ಟುತ್ತಾರೆ, ಡ್ರಾಫ್ಟ್‌ನಲ್ಲಿ ಸರದಿಗೆ ಬೆಲೆ. ಹದಿನೆಂಟರ ಹುಡುಗನ ಮೊದಲ ಒಪ್ಪಂದ ಸಾಮಾನ್ಯವಾಗಿ ಮೂರು ವರ್ಷದ್ದು, ಅದರ ಮೂಲ ಸಂಬಳಕ್ಕೆ ವರ್ಷಕ್ಕೆ ಸುಮಾರು ಹತ್ತು ಲಕ್ಷ ಡಾಲರಿನ ಮಿತಿಯಿದೆ. ಇಡೀ ತಂಡದ ಸಂಬಳಕ್ಕೂ 2005ರಿಂದ ಮಿತಿಯಿದೆ. 2025–26ಕ್ಕೆ ಅದು 9 ಕೋಟಿ 55 ಲಕ್ಷ ಡಾಲರ್. ಅಂದಮೇಲೆ ಆ ಮೂರು ವರ್ಷಗಳಲ್ಲಿ ಹುಡುಗ ತಾರೆಯಾಗಿ ಅರಳಿದರೆ, ಕೋಟಿ ಡಾಲರಿನ ಆಟವನ್ನು ತಂಡ ಅದರ ಹತ್ತನೆಯ ಒಂದು ಪಾಲಿಗೆ ಪಡೆದಂತೆ. ಹೊಸದಾಗಿ ಕಟ್ಟಿಕೊಳ್ಳುವ ತಂಡಗಳು ಮೂವತ್ತರ ಅನುಭವಿಗಳನ್ನು ಕೊಟ್ಟು ಬರಲಿರುವ ವರ್ಷಗಳ ಸರದಿಗಳನ್ನು ಕೇಳಿ ಪಡೆಯುವುದು ಈ ಲೆಕ್ಕದ ಮೇಲೆಯೇ.

ಹುಡುಗನಿಗೆ ಆ ಊರು ಬೇಡವಾದರೆ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಅದು. 1991ರಲ್ಲಿ ಮೊದಲ ಆಯ್ಕೆಯಾದ ಎರಿಕ್ ಲಿಂಡ್ರೋಸ್ ಕ್ವಿಬೆಕ್ ತಂಡಕ್ಕೆ ಆಡುವುದಿಲ್ಲವೆಂದು ಪಟ್ಟು ಹಿಡಿದರು. ಮರುವರ್ಷ ಕ್ವಿಬೆಕ್ ಅವರನ್ನು ಫಿಲಡೆಲ್ಫಿಯಕ್ಕೆ ಬಿಟ್ಟುಕೊಟ್ಟು, ಬದಲಿಗೆ ಒಂದು ಹಿಡಿ ಆಟಗಾರರನ್ನೂ ಆಯ್ಕೆಗಳನ್ನೂ ಹಣವನ್ನೂ ಪಡೆಯಿತು. ಹಾಗೆ ಬಂದವರಲ್ಲಿ ಪೀಟರ್ ಫೋರ್ಸ್‌ಬರ್ಗ್ ಒಬ್ಬರು. 1995ರಲ್ಲಿ ತಂಡ ಡೆನ್ವರ್‌ಗೆ ಗಂಟುಮೂಟೆ ಕಟ್ಟಿ ಕೊಲರಾಡೊ ಅವಲಾಂಚ್ ಆಯಿತು, 1996ರಲ್ಲಿ ಲೀಗಿನ ಚಾಂಪಿಯನ್ನರಿಗೆ ಸಲ್ಲುವ ಸ್ಟಾನ್ಲಿ ಕಪ್ ಗೆದ್ದಿತು. ಲಿಂಡ್ರೋಸ್ ಕೈಗೆ ಆ ಕಪ್ ಒಮ್ಮೆಯೂ ಬರಲಿಲ್ಲ.

ಪ್ರಶ್ನೆ: ಹದಿನೇಳು ಹದಿನೆಂಟರ ಹುಡುಗರನ್ನು ನೋಡಿ ಇವನು ಮುಂದೆ ಹೀಗಾಗುತ್ತಾನೆ ಎಂದು ಹೇಗೆ ಹೇಳುತ್ತಾರೆ? ಜಾತಕ ನೋಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? (ಮಲ್ಲೇಶ್ವರ, ಬೆಂಗಳೂರು)

ಉತ್ತರ: ಜಾತಕದ ಮಾತು ತೆಗೆದಿರಿ, ಹುಟ್ಟಿದ ದಿನಾಂಕದಿಂದಲೇ ಆರಂಭಿಸೋಣ. ಡ್ರಾಫ್ಟ್ ನಡೆಯುವ ವರ್ಷದ ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬುವವನು ಆ ವರ್ಷದ ಆಯ್ಕೆಗೆ ಅರ್ಹ. ಒಂದು ದಿನ ತಡವಾಗಿ ಹುಟ್ಟಿದವನು ಇಡೀ ವರ್ಷ ಕಾಯಬೇಕು. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡು ದಿನದ ಅಂತರದಲ್ಲಿ 2015ರ ಡ್ರಾಫ್ಟ್ ತಪ್ಪಿತು. ಆ ಒಂದು ವರ್ಷವನ್ನು ಅವರು ಸ್ವಿಟ್ಜರ್ಲೆಂಡಿನ ಝೂರಿಕ್ ತಂಡದಲ್ಲಿ ಬೆಳೆದ ಗಂಡಸರ ನಡುವೆ ಆಡಿ ಕಳೆದು, 2016ರಲ್ಲಿ ಮೊದಲ ಆಯ್ಕೆಯಾಗಿ ಟೊರಾಂಟೊ ಸೇರಿದರು. ಒಂದೇ ಡ್ರಾಫ್ಟ್‌ನಲ್ಲಿ ನಿಂತ ಇಬ್ಬರು ಹುಡುಗರ ನಡುವೆ ಹೀಗೆ ಹನ್ನೊಂದು ತಿಂಗಳ ಅಂತರವಿರಬಹುದು. ಹದಿನೇಳನೆಯ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಎರಡಂಗುಲ ಎತ್ತರ, ಎಂಟು ಕಿಲೊ ತೂಕವಾದರೂ ಆದೀತು. ಬಲ್ಲ ಸ್ಕೌಟ್, ಅಂದರೆ ಊರೂರು ಅಲೆದು ಹುಡುಗರ ಆಟ ನೋಡುವ ಶೋಧಕ, ಗೋಲಿನ ಲೆಕ್ಕಕ್ಕಿಂತ ಮೊದಲು ಹುಟ್ಟಿದ ತಿಂಗಳನ್ನು ನೋಡುವುದು ಇದಕ್ಕೇ.

ಎರಡನೆಯದಾಗಿ ಅವರು ನೋಡುವುದು ಪಕ್, ಅಂದರೆ ಈ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ, ತನ್ನ ಬಳಿ ಇಲ್ಲದಿದ್ದಾಗ ಹುಡುಗ ಏನು ಮಾಡುತ್ತಾನೆ ಎಂಬುದನ್ನು. ಒಂದು ಪಂದ್ಯದಲ್ಲಿ ಒಬ್ಬ ಆಟಗಾರನ ಬಳಿ ಪಕ್ ಇರುವ ಹೊತ್ತು ಒಟ್ಟು ಸೇರಿಸಿದರೂ ಒಂದೆರಡು ನಿಮಿಷ. ಉಳಿದದ್ದೆಲ್ಲ ಜಾಗ ಹಿಡಿಯುವುದು, ತಿರುಗುವುದು, ಹಿಂದೆ ಓಡುವುದು. ಸಣ್ಣವರ ಲೀಗಿನಲ್ಲಿ ಬರೀ ಮೈಬಲದಿಂದ ಗೋಲು ಹೊಡೆಯುತ್ತಿದ್ದವನಿಗೆ ಎಲ್ಲರೂ ದಾಂಡಿಗರೇ ಇರುವ ಕಡೆ ಆ ಬಲದ ಪ್ರಯೋಜನವಿಲ್ಲ. ಬುದ್ಧಿ ಮತ್ತು ಸ್ಕೇಟಿನ ಅಂಚಿನ ಮೇಲಿನ ಹಿಡಿತ ಮಾತ್ರ ಮೇಲಿನ ಮೆಟ್ಟಿಲಿಗೂ ಜೊತೆಗೆ ಬರುತ್ತವೆ.

ಆದರೆ ನೋಡುವ ಕಣ್ಣಷ್ಟೇ ಸಾಲದು, ಎಲ್ಲಿ ನೋಡಬೇಕೆಂಬುದೂ ತಿಳಿದಿರಬೇಕು. ಡೆಟ್ರಾಯಿಟ್ 1989ರಲ್ಲಿ ಮೂರನೆಯ ಸುತ್ತಿನ 53ನೆಯವರಾಗಿ ಆರಿಸಿದ ನಿಕ್ಲಾಸ್ ಲಿಡ್‌ಸ್ಟ್ರೋಮ್ ಏಳು ಸಲ ನಾರಿಸ್ ಟ್ರೋಫಿ ಗೆದ್ದರು. 1998ರ 171ನೆಯವರು ಪಾವೆಲ್ ದತ್ಸುಕ್, 1999ರ 210ನೆಯವರು ಹೆನ್ರಿಕ್ ಝೆಟ್ಟರ್‌ಬರ್ಗ್. ಉಳಿದ ತಂಡಗಳು ಹೆಚ್ಚಾಗಿ ಕೆನಡಾದ ಊರುಗಳಲ್ಲಿ ಸುತ್ತುತ್ತಿದ್ದಾಗ, ಈ ಕೊನೆಯ ಇಬ್ಬರ ಕಾಲಕ್ಕೆ ಡೆಟ್ರಾಯಿಟ್ ಪರವಾಗಿ ಹಾಕನ್ ಆ್ಯಂಡರ್ಸನ್ ಎಂಬ ಸ್ವೀಡಿಷ್ ಸ್ಕೌಟ್ ಯುರೋಪಿನ ಮೂಲೆಗಳಲ್ಲಿ ಕುಳಿತು ಆಟ ನೋಡುತ್ತಿದ್ದರು. ಇವತ್ತು ಎಲ್ಲ ಪಂದ್ಯಗಳ ವಿಡಿಯೊ ಎಲ್ಲರಿಗೂ ಸಿಗುವುದರಿಂದ ಅಂಥ ಗುಪ್ತನಿಧಿ ಉಳಿದಿಲ್ಲವೆಂದು ಹೇಳುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎಲ್ಲರೂ ನೋಡಿಯೂ ಎಲ್ಲರೂ ಒಂದೇ ಕಾರಣಕ್ಕೆ ಬಿಟ್ಟುಬಿಡುವ ಹುಡುಗರು ಈಗಲೂ ಇದ್ದಾರೆ. ಆ ಕಾರಣ ಹೆಚ್ಚಾಗಿ ಎತ್ತರ. 2022ರಲ್ಲಿ ಮಾಂಟ್ರಿಯಲ್ 62ನೆಯವರಾಗಿ ತೆಗೆದುಕೊಂಡ ಲೇನ್ ಹಟ್ಸನ್ ಡಿಫೆನ್ಸ್ ಆಟಗಾರನಿಗೆ ತೀರಾ ಗಿಡ್ಡ ಎನಿಸಿಕೊಂಡಿದ್ದವರು. 2024–25ರಲ್ಲಿ 66 ಅಂಕ ಗಳಿಸಿ, ಆ ವರ್ಷದ ಶ್ರೇಷ್ಠ ಹೊಸಬನೆಂದು ಕಾಲ್ಡರ್ ಟ್ರೋಫಿ ಪಡೆದರು.

ಕೇಲ್ ಮಕಾರ್ ಅವರದು ಇನ್ನೊಂದು ಬಗೆ. 2016–17ರಲ್ಲಿ ಬರೀ 48 ಅಂಕ ಗಳಿಸಿ ಲೀಗಿನ ತಳ ಕಂಡಿದ್ದ ಕೊಲರಾಡೊ, ಲಾಟರಿಯಲ್ಲೂ ಜಾರಿ ನಾಲ್ಕನೆಯ ಆಯ್ಕೆಗೆ ಬಿತ್ತು. ಆಗ ಮಕಾರ್ ಆಡುತ್ತಿದ್ದುದು ಆಲ್ಬರ್ಟ ಪ್ರಾಂತ್ಯದ ಬ್ರೂಕ್ಸ್ ಎಂಬ ಪುಟ್ಟ ಊರಿನ ತಂಡಕ್ಕೆ, ದೊಡ್ಡ ಜೂನಿಯರ್ ಲೀಗುಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗಿನಲ್ಲಿ. ಅಲ್ಲಿಯ ಅಂಕಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಅನುಮಾನ ಸಹಜವಾಗಿತ್ತು. ಕೊಲರಾಡೊ ನಂಬಿದ್ದು ಅಂಕಗಳನ್ನಲ್ಲ, ಸ್ಕೇಟಿಂಗನ್ನು. ಐದು ವರ್ಷದ ಮೇಲೆ, 2022ರಲ್ಲಿ, ತಂಡ ಸ್ಟಾನ್ಲಿ ಕಪ್ ಎತ್ತಿದಾಗ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಅವರೇ ಆಗಿದ್ದರು.

ಗೋಲ್‌ಕೀಪರುಗಳ ವಿಷಯದಲ್ಲಿ ಮಾತ್ರ ನಿಮ್ಮ ಜಾತಕದ ಹೋಲಿಕೆಗೆ ನಾನು ತಲೆಬಾಗುತ್ತೇನೆ. ವಿನ್ನಿಪೆಗ್‌ನ ಕಾನರ್ ಹೆಲೆಬಕ್ 2012ರ 130ನೆಯ ಆಯ್ಕೆ. ಮೂರು ಸಲ ಲೀಗಿನ ಶ್ರೇಷ್ಠ ಗೋಲ್‌ಕೀಪರ್ ಎನಿಸಿದ್ದಾರೆ. ಡೆಟ್ರಾಯಿಟ್ 2021ರಲ್ಲಿ ಆ್ಯಂಟನಿ ಮ್ಯಾಂಥಾ ಅವರನ್ನು ವಾಷಿಂಗ್ಟನ್‌ಗೆ ಕೊಟ್ಟು ಪಡೆದ ಸಂಭಾವನೆಯಲ್ಲಿ ಆ ವರ್ಷದ 23ನೆಯ ಸರದಿಯೂ ಸೇರಿತ್ತು. ಅದರ ಜೊತೆಗೆ ಇನ್ನೆರಡು ಸರದಿಗಳನ್ನು ಡಾಲಸ್ ತಂಡಕ್ಕೆ ಸುರಿದು 15ನೆಯ ಸ್ಥಾನಕ್ಕೆ ಏರಿ, ಸೆಬಾಸ್ಟಿಯನ್ ಕೋಸಾ ಎಂಬ ಎತ್ತರದ ಗೋಲ್‌ಕೀಪರನ್ನು ಆರಿಸಿತು. ಡಾಲಸ್ ಆ 23ರಲ್ಲಿ ಆರಿಸಿದ ವಯಟ್ ಜಾನ್ಸ್‌ಟನ್ ಹತ್ತೊಂಬತ್ತಕ್ಕೇ ಲೀಗಿಗೆ ಬಂದು ಮೊದಲ ಸೀಸನ್ನಿನಲ್ಲೇ 24 ಗೋಲು ಹೊಡೆದರು. ಕೋಸಾ ತಮ್ಮ ಮೊದಲ ಎನ್‌ಎಚ್‌ಎಲ್ ಪಂದ್ಯಕ್ಕೆ ಇಳಿದದ್ದು 2024ರ ಡಿಸೆಂಬರಿನಲ್ಲಿ, ಅದೂ ನಡುವೆ ಬದಲಿಯಾಗಿ. ಬಫೆಲೊ ಎದುರಿನ ಆ ಪಂದ್ಯವನ್ನು ಶೂಟೌಟ್‌ನಲ್ಲಿ ಗೆದ್ದುಕೊಟ್ಟರು ಎನ್ನುವುದು ಬೇರೆ ಮಾತು. ಗೋಲ್‌ಕೀಪರ್ ಇಪ್ಪತ್ತೈದರವರೆಗೂ ಮಾಗುತ್ತಲೇ ಇರುತ್ತಾನೆ, ಆದ್ದರಿಂದ ಇದು ತಪ್ಪು ಆಯ್ಕೆ ಎಂದು ಈಗಲೇ ಷರಾ ಬರೆಯಲಾರೆ. ಮೊದಲ ಸುತ್ತಿನಲ್ಲಿ ಗೋಲ್‌ಕೀಪರಿಗಾಗಿ ಇಷ್ಟು ಬೆಲೆ ತೆರಬಾರದಿತ್ತು ಎಂಬ ನನ್ನ ಅಭಿಪ್ರಾಯವನ್ನಂತೂ ಬದಲಿಸುವುದಿಲ್ಲ.

ಪ್ರಶ್ನೆ: ಆರಿಸಿದ ಮೇಲೆ ಹುಡುಗರನ್ನು ನೇರವಾಗಿ ಆಡಿಸದೆ ವರ್ಷಗಟ್ಟಲೆ ಎಲ್ಲೆಲ್ಲಿಗೋ ಕಳಿಸುತ್ತಾರೆ. ಇಲ್ಲಿನ ಗೆಳೆಯರು ಇದನ್ನೇ "ಬೆಳೆಸುವುದು" ಎನ್ನುತ್ತಾರೆ. ನಿಜವಾಗಿ ಅಲ್ಲಿ ನಡೆಯುವುದೇನು? (ಬ್ರಾಂಪ್ಟನ್, ಒಂಟಾರಿಯೊ)

ಉತ್ತರ: ಬಂದ ಪತ್ರಗಳಲ್ಲಿ ಇದೇ ಮುಖ್ಯವಾದದ್ದು, ಆದ್ದರಿಂದ ಕೊಂಚ ಉದ್ದಕ್ಕೆ ಉತ್ತರಿಸುತ್ತೇನೆ. ಡ್ರಾಫ್ಟ್‌ನ ದಿನ ತಂಡಕ್ಕೆ ಸಿಗುವುದು ಆಟಗಾರನಲ್ಲ, ಆಟಗಾರನಾಗಬಹುದಾದವನ ಮೇಲಿನ ಹಕ್ಕು. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಕೆನಡಾದ ದೊಡ್ಡ ಜೂನಿಯರ್ ಲೀಗುಗಳಿಂದ ಬಂದವನು ಎನ್‌ಎಚ್‌ಎಲ್‌ಗೆ ತಯಾರಿಲ್ಲವೆಂದರೆ ಇಪ್ಪತ್ತಾಗುವವರೆಗೂ ತನ್ನ ಹಳೆಯ ಜೂನಿಯರ್ ತಂಡಕ್ಕೇ ಮರಳಬೇಕೆಂಬುದು ಬಹುಕಾಲದ ಕಟ್ಟಳೆ, ಈಚೆಗೆ ಅದು ಸಡಿಲವಾಗುತ್ತಿದೆ. ಅಮೆರಿಕದ ಕಾಲೇಜಿಗೆ ಹೋದವನಿಗೆ ವಾರಕ್ಕೆ ಎರಡು ಪಂದ್ಯ, ಉಳಿದ ದಿನಗಳಲ್ಲಿ ಅಭ್ಯಾಸ, ವ್ಯಾಯಾಮ. ಯುರೋಪಿನವನು ಅಲ್ಲೇ ಹಿರಿಯರ ಲೀಗಿನಲ್ಲಿ ಉಳಿಯಬಹುದು, ಇಲ್ಲವೇ ಅಮೆರಿಕನ್ ಹಾಕಿ ಲೀಗ್ ಅಂದರೆ ಎಎಚ್‌ಎಲ್‌ಗೆ ಬರಬಹುದು. ಎಎಚ್‌ಎಲ್‌ನ ಪ್ರತಿ ತಂಡವೂ ಎನ್‌ಎಚ್‌ಎಲ್‌ನ ಒಂದೊಂದು ತಂಡದ ಸಸಿಮಡಿ ಇದ್ದ ಹಾಗೆ. ಡೆಟ್ರಾಯಿಟ್‌ನ ಸಸಿಮಡಿ ಸುಮಾರು 250 ಕಿಲೊಮೀಟರ್ ದೂರದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿದೆ.

ಅಲ್ಲಿ ಕಲಿಸುವುದೇನು ಎಂದು ತಿಳಿಯಲು ಒಂದೇ ಒಂದು ಕ್ಷಣವನ್ನು ಹತ್ತಿರದಿಂದ ನೋಡೋಣ. ಎದುರಾಳಿ ನಮ್ಮ ಮೂಲೆಗೆ ಪಕ್ ಎಸೆದಿದ್ದಾನೆ. ಹತ್ತೊಂಬತ್ತರ ಡಿಫೆನ್ಸ್ ಆಟಗಾರ ಬೆನ್ನು ತಿರುಗಿಸಿ ಅದರ ಹಿಂದೆ ಧಾವಿಸುತ್ತಿದ್ದಾನೆ, ಅವನ ಹಿಂದೆ ತೊಂಬತ್ತೈದು ಕಿಲೊ ತೂಗುವ ಫಾರ್ವರ್ಡ್ ಒಬ್ಬ ರಭಸದಿಂದ ಬರುತ್ತಿದ್ದಾನೆ. ಜೂನಿಯರ್ ಆಟದಲ್ಲಿ ಹುಡುಗ ಮೊದಲು ಪಕ್ ಮುಟ್ಟಿ, ಆಮೇಲೆ ತಲೆಯೆತ್ತಿ ಯಾರಿಗೆ ಕೊಡಲಿ ಎಂದು ನೋಡುತ್ತಿದ್ದ. ಇಲ್ಲಿ ಅಷ್ಟು ಹೊತ್ತಿಲ್ಲ, ತಲೆಯೆತ್ತುವಷ್ಟರಲ್ಲಿ ಗಾಜಿಗೆ ಅಪ್ಪಳಿಸಿರುತ್ತಾನೆ. ಆದ್ದರಿಂದ ಪಕ್ ತಲುಪುವ ಮೊದಲೇ ಒಮ್ಮೆ ಎಡ ಹೆಗಲ ಮೇಲಿಂದ, ಒಮ್ಮೆ ಬಲ ಹೆಗಲ ಮೇಲಿಂದ ಹಿಂದಕ್ಕೆ ನೋಡಬೇಕು, ಬೆನ್ನಟ್ಟಿದವನು ಯಾವ ಬದಿಯಿಂದ ಬರುತ್ತಿದ್ದಾನೆ, ತನ್ನ ಜೊತೆಗಾರ ಗೋಲಿನ ಯಾವ ಬದಿಯಲ್ಲಿದ್ದಾನೆ ಎಂಬುದನ್ನು ಗ್ರಹಿಸಬೇಕು, ಮೈಯನ್ನು ಒಂದು ಕಡೆಗೆ ಬಾಗಿಸಿ ಮೋಸಗೊಳಿಸಿ ಇನ್ನೊಂದು ಕಡೆಗೆ ಪಕ್ ಕೊಡಬೇಕು. ಎಲ್ಲ ಸೇರಿ ಒಂದೂವರೆ ಕ್ಷಣದ ಕೆಲಸ. ಕೋಚ್ ಇದನ್ನು ಬೆಳಿಗ್ಗೆ ಐಸಿನ ಮೇಲೆ ಇಪ್ಪತ್ತು ಸಲ ಮಾಡಿಸುತ್ತಾನೆ, ಸಂಜೆ ಪಂದ್ಯದಲ್ಲಿ ಹುಡುಗ ತಪ್ಪುತ್ತಾನೆ, ಮರುದಿನ ಅದನ್ನೇ ವಿಡಿಯೊದಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಾನೆ. ಎಎಚ್‌ಎಲ್‌ನ ಸೀಸನ್ನಿನಲ್ಲಿ 72 ಪಂದ್ಯಗಳು. ಅಷ್ಟರಲ್ಲಿ ಆ ತಿರುಗು ನೋಟ ಅಭ್ಯಾಸಬಲಕ್ಕೆ ಇಳಿದರೆ ಸಾರ್ಥಕ. ಎನ್‌ಎಚ್‌ಎಲ್‌ನಲ್ಲಿ ಕೋಚಿಗೆ ಇಂಥ ತಪ್ಪುಗಳನ್ನು ತಾಳುವ ಪುರುಸೊತ್ತಿಲ್ಲ, ಎರಡು ಸಲ ತಪ್ಪಿದವನು ಬೆಂಚಿನಲ್ಲಿ ಕೂರುತ್ತಾನೆ. ಬೆಂಚಿನಲ್ಲಿ ಕುಳಿತು ಯಾರೂ ಹೆಗಲ ಮೇಲಿಂದ ನೋಡಲು ಕಲಿಯುವುದಿಲ್ಲ.

ಮೊರಿಟ್ಸ್ ಸೈಡರ್ ಅವರ ದಾರಿಯನ್ನು ನಾನು ಇದಕ್ಕೆ ಮಾದರಿಯೆಂದು ಹೇಳುತ್ತೇನೆ. ಹಿಂದೆ ಡೆಟ್ರಾಯಿಟ್‌ನ ನಾಯಕರಾಗಿದ್ದ ಸ್ಟೀವ್ ಐಝರ್ಮನ್ 2019ರ ಏಪ್ರಿಲ್‌ನಲ್ಲಿ ಜನರಲ್ ಮ್ಯಾನೇಜರಾಗಿ ಮರಳಿ ಬಂದು ಮಾಡಿದ ಮೊದಲ ಆಯ್ಕೆಯೇ ಇದು. ಆರನೆಯವರಾಗಿ ಈ ಜರ್ಮನ್ ಹುಡುಗನ ಹೆಸರು ಕೂಗಿದಾಗ ಸಭೆಯಷ್ಟೇ ಅಲ್ಲ, ಸ್ವತಃ ಸೈಡರ್ ಕೂಡ ಬಾಯಿಬಿಟ್ಟು ಕುಳಿತದ್ದನ್ನು ಕ್ಯಾಮೆರಾ ಹಿಡಿದಿದೆ. ಮ್ಯಾನ್‌ಹೈಮ್‌ನಲ್ಲಿ ಹಿರಿಯರ ಜೊತೆ ಆಡಿ ಬಂದಿದ್ದವರನ್ನು ಮೊದಲ ವರ್ಷ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಇಟ್ಟರು. ಕೋವಿಡ್ ಕಾಲದ ಮರುವರ್ಷ ಸ್ವೀಡನ್ನಿನ ರೋಗ್ಲೆ ತಂಡಕ್ಕೆ ಕಳಿಸಿದರು, ಅಲ್ಲಿಯ ಲೀಗಿನ ಶ್ರೇಷ್ಠ ಡಿಫೆನ್ಸ್ ಆಟಗಾರ ಎನಿಸಿಕೊಂಡರು. ಮೂರನೆಯ ವರ್ಷ, 2021–22ರಲ್ಲಿ, ಎನ್‌ಎಚ್‌ಎಲ್‌ನ 82 ಪಂದ್ಯಗಳನ್ನೂ ಆಡಿ 50 ಅಂಕ ಗಳಿಸಿ ಕಾಲ್ಡರ್ ಟ್ರೋಫಿ ಪಡೆದರು. ಆ ಎರಡು ವರ್ಷ ಡೆಟ್ರಾಯಿಟ್‌ನ ಡಿಫೆನ್ಸ್ ಸಾಲು ಹರಿದ ಕೌದಿಯಂತಿತ್ತು, ಅವರನ್ನು ಕರೆಸಿಕೊಳ್ಳಬೇಕೆಂಬ ಆಸೆ ಯಾರಿಗಾದರೂ ಹುಟ್ಟುವಂಥದ್ದೇ. ಕರೆಸಲಿಲ್ಲ ಎಂಬುದೇ ಇಲ್ಲಿ ದೊಡ್ಡದು.

ಎದುರಿನ ಉದಾಹರಣೆಗೆ ಎಡ್ಮಂಟನ್ ಇದೆ. 2012ರ ಮೊದಲ ಆಯ್ಕೆ ನೈಲ್ ಯಾಕುಪೋವ್ ಅವರನ್ನು ಆ ಸೀಸನ್ನಿನಲ್ಲೇ ಇಳಿಸಿದರು. ಮೊದಲ ವರ್ಷ ಗೋಲುಗಳೂ ಬಂದವು. ಆದರೆ ಪಕ್ ಇಲ್ಲದಾಗ ಏನು ಮಾಡಬೇಕೆಂಬುದನ್ನು ಸೋಲುತ್ತಿದ್ದ ತಂಡದಲ್ಲಿ, ಕೋಚುಗಳು ಬದಲಾಗುತ್ತಿದ್ದ ಕಾಲದಲ್ಲಿ ಕಲಿಸುವವರಿರಲಿಲ್ಲ. 350 ಪಂದ್ಯಗಳಿಗೆ ಅವರ ಎನ್‌ಎಚ್‌ಎಲ್ ಬದುಕು ಮುಗಿಯಿತು. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕಿ ಕಾಯುವುದಕ್ಕೂ ಕಾರ್ಬೈಡ್ ಪುಡಿ ಇಟ್ಟು ಎರಡು ದಿನದಲ್ಲಿ ಹಳದಿ ಮಾಡುವುದಕ್ಕೂ ಇರುವ ವ್ಯತ್ಯಾಸ ನಮ್ಮ ಓದುಗರಿಗೆ ಹೇಳಿಕೊಡಬೇಕಿಲ್ಲ. ಕಾಯುವುದರಲ್ಲೂ ಅತಿಯಿದೆ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಐಝರ್ಮನ್ ಅವರಿಗಿಂತ ಹಿಂದೆ ಡೆಟ್ರಾಯಿಟ್‌ನಲ್ಲಿ ಹುಡುಗರನ್ನು ಬೇಕಾದದ್ದಕ್ಕಿಂತ ಹೆಚ್ಚು ಮಾಗಿಸುವುದೇ ಪದ್ಧತಿಯಾಗಿತ್ತು. ಮೇಲೆ ಲಿಡ್‌ಸ್ಟ್ರೋಮ್, ದತ್ಸುಕ್ ಇದ್ದಷ್ಟು ಕಾಲ ಅದು ಸೊಗಸಾಗಿ ನಡೆಯಿತು. ಮೇಲೆ ಯಾರೂ ಇಲ್ಲದಾಗ ಅದೇ ಪದ್ಧತಿ ಬರೀ ತಡವೆನಿಸಿತು.

ಒಪ್ಪಂದದ ಒಂದು ಸೂಕ್ಷ್ಮವೂ ಇಲ್ಲಿ ಕೆಲಸ ಮಾಡುತ್ತದೆ. ಹದಿನೆಂಟು ಹತ್ತೊಂಬತ್ತರ ಹುಡುಗ ಒಂದು ಸೀಸನ್ನಿನಲ್ಲಿ ಎನ್‌ಎಚ್‌ಎಲ್‌ನ ಹತ್ತು ಪಂದ್ಯ ಮುಟ್ಟದಿದ್ದರೆ ಮೂರು ವರ್ಷದ ಒಪ್ಪಂದದ ಗಡಿಯಾರ ಶುರುವಾಗುವುದೇ ಇಲ್ಲ. ಒಂಬತ್ತು ಪಂದ್ಯ ಆಡಿಸಿ, ಮೇಲಿನ ಆಟದ ರುಚಿ ತೋರಿಸಿ, ಹತ್ತನೆಯದರ ಮುನ್ನ ಬೆನ್ನು ತಟ್ಟಿ ವಾಪಸು ಕಳಿಸುವುದು ಹಾಗಾಗಿ ಸಾಮಾನ್ಯ. ಹುಡುಗನಿಗೆ ಬೇಸರವಾಗುತ್ತದೆ, ಲೆಕ್ಕಪತ್ರದವರಿಗೆ ಆಗುವುದಿಲ್ಲ.

ಬೆಳೆಸುವುದರಲ್ಲಿ ನನಗೆ ಅತ್ಯಂತ ಇಷ್ಟವಾದ ಅಧ್ಯಾಯ ಟ್ಯಾಂಪಾದ್ದು. ಐಝರ್ಮನ್ ಅಲ್ಲಿ ಮ್ಯಾನೇಜರಾಗಿದ್ದಾಗ 2014ರಲ್ಲಿ 79ನೆಯವರಾಗಿ ಬಂದ ಬ್ರೇಡನ್ ಪಾಯಿಂಟ್ ಗಿಡ್ಡ, ಸ್ಕೇಟಿಂಗ್ ಸಾಧಾರಣ ಎಂಬ ಮಾತಿತ್ತು. ತಂಡದ ಸ್ಕೇಟಿಂಗ್ ಗುರು ಬಾರ್ಬ್ ಅಂಡರ್‌ಹಿಲ್; 1984ರಲ್ಲಿ ಜೋಡಿ ಫಿಗರ್ ಸ್ಕೇಟಿಂಗ್‌ನ ವಿಶ್ವ ಚಾಂಪಿಯನ್ ಆಗಿದ್ದವರು. ಗರತಿಯ ನಡಿಗೆ ಬೇರೆ, ಜಟ್ಟಿಯ ನಡಿಗೆ ಬೇರೆ ಎಂದು ನಗುವವರು ಆಗ ಹಾಕಿಯಲ್ಲಿ ಕಡಿಮೆ ಇರಲಿಲ್ಲ. ಅಂಡರ್‌ಹಿಲ್ ತಿದ್ದಿದ್ದು ಮಂಡಿಯ ಬಾಗು, ಹೆಜ್ಜೆಯ ಉದ್ದ, ತೂಕ ಬದಲಿಸುವ ಬಗೆ. ಪಾಯಿಂಟ್ ಲೀಗಿನ ಅತಿ ವೇಗದ ಆಟಗಾರರ ಸಾಲಿಗೆ ಸೇರಿದರು, 2020 ಮತ್ತು 2021ರಲ್ಲಿ ಟ್ಯಾಂಪಾ ಸತತವಾಗಿ ಕಪ್ ಗೆದ್ದಾಗ ಮುಂಚೂಣಿಯಲ್ಲಿದ್ದರು.

ಪ್ರಶ್ನೆ: ಒಳ್ಳೆಯ ಹುಡುಗ ಸಿಗಲೆಂದು ತಂಡವೇ ಬೇಕೆಂದು ಸೋಲುವುದು ಅಧರ್ಮವಲ್ಲವೇ? ಪ್ರೇಕ್ಷಕರು ಟಿಕೆಟ್ಟಿಗೆ ದುಡ್ಡು ಕೊಟ್ಟಿರುವುದಿಲ್ಲವೇ? (ಮೈಸೂರು)

ಉತ್ತರ: ಆಟಗಾರರು ಬೇಕೆಂದು ಸೋಲುವುದಿಲ್ಲ, ಅವರಿಗೆ ಮುಂದಿನ ಒಪ್ಪಂದದ ಚಿಂತೆಯಿರುತ್ತದೆ. ಗೆಲ್ಲಲಾರದ ತಂಡವನ್ನು ಕಟ್ಟಿ ಐಸಿಗೆ ಇಳಿಸುವುದು ಮೇಲಿನವರ ಕೆಲಸ. 1984ರಲ್ಲಿ ಪಿಟ್ಸ್‌ಬರ್ಗ್ 38 ಅಂಕಗಳಿಂದ, ನ್ಯೂಜೆರ್ಸಿ 41 ಅಂಕಗಳಿಂದ ತಳದಲ್ಲಿ ಪೈಪೋಟಿ ನಡೆಸಿದ್ದವು, ಬಹುಮಾನ ಆ ವರ್ಷದ ಮೊದಲ ಆಯ್ಕೆಯಾಗಲಿದ್ದ ಮಾರಿಯೊ ಲೆಮ್ಯೂ. ಆ ಮಾರ್ಚ್‌ನಲ್ಲಿ ಪಿಟ್ಸ್‌ಬರ್ಗ್ ತನ್ನ ಶ್ರೇಷ್ಠ ಡಿಫೆನ್ಸ್ ಆಟಗಾರ ರ‍್ಯಾಂಡಿ ಕಾರ್ಲೈಲ್ ಅವರನ್ನು ವಿನ್ನಿಪೆಗ್‌ಗೆ ಬಿಟ್ಟುಕೊಟ್ಟಿತು. ಲೆಮ್ಯೂ ಬಂದರು, 1991 ಮತ್ತು 1992ರಲ್ಲಿ ಕಪ್ ಬಂತು. ಪಾಪಕ್ಕೆ ಫಲ ಸಿಕ್ಕಿತೆಂದು ಉಳಿದವರೂ ಕಲಿತರು.

ಫಲ ಸಿಗದವರ ಕತೆ ಬಫೆಲೊದ್ದು. 2015ರ ಮಾರ್ಚ್‌ನಲ್ಲಿ ಅರಿಝೋನ ತಂಡ ಬಫೆಲೊದ ಅಂಗಳಕ್ಕೇ ಬಂದು ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲು ಹೊಡೆದಾಗ ತವರಿನ ಪ್ರೇಕ್ಷಕರೇ ಎದ್ದು ಕೇಕೆ ಹಾಕಿದರು, ಏಕೆಂದರೆ ಅವರಿಗೆ ಬೇಕಾಗಿದ್ದುದು ಕೊನೆಯ ಸ್ಥಾನ ಮತ್ತು ಕಾನರ್ ಮೆಕ್‌ಡೇವಿಡ್. ಕೊನೆಯ ಸ್ಥಾನ ಸಿಕ್ಕಿತು, ಲಾಟರಿ ಎಡ್ಮಂಟನ್‌ಗೆ ಹೋಯಿತು. ಬಫೆಲೊಗೆ ಸಿಕ್ಕ ಜ್ಯಾಕ್ ಐಕಲ್ ಕಡಿಮೆಯವರಲ್ಲ. ಹಿಂದಿನ ವರ್ಷ ಎರಡನೆಯವರಾಗಿ ಬಂದ ಸ್ಯಾಮ್ ರೈನ್‌ಹಾರ್ಟ್ ಕೂಡ ಅಲ್ಲ. 2018ರಲ್ಲಿ ರಾಸ್ಮಸ್ ಡಾಲೀನ್, 2021ರಲ್ಲಿ ಓವನ್ ಪವರ್ ಮೊದಲ ಆಯ್ಕೆಗಳಾಗಿ ಬಂದರು. ಇಷ್ಟಾದರೂ 2011–12ರಿಂದ 2024–25ರವರೆಗೆ ಸತತ 14 ಸೀಸನ್ ಪ್ಲೇಆಫ್ ಮುಖ ಕಾಣದೆ ಲೀಗಿನ ದಾಖಲೆಯನ್ನೇ ಬರೆದರು. ಐಕಲ್ 2023ರಲ್ಲಿ ವೇಗಸ್ ತಂಡದಲ್ಲಿ, ರೈನ್‌ಹಾರ್ಟ್ 2024 ಮತ್ತು 2025ರಲ್ಲಿ ಫ್ಲೋರಿಡ ತಂಡದಲ್ಲಿ ಕಪ್ ಎತ್ತಿದರು. ಹುಡುಗರಲ್ಲಿ ಕೊರತೆ ಇರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅನುಭವಿಗಳನ್ನೆಲ್ಲ ಗುಡಿಸಿ ಹಾಕಿದ ಮನೆಯಲ್ಲಿ ಇಪ್ಪತ್ತರ ಹುಡುಗ ಯಾರನ್ನು ನೋಡಿ ಕಲಿಯಬೇಕಿತ್ತು? ಧರ್ಮಾಧರ್ಮದ ಮಾತು ಹಾಗಿರಲಿ, ಸೋಲು ವರ್ಷಗಟ್ಟಲೆ ಮನೆಮಾಡಿದರೆ ಅದೂ ಒಂದು ವಿದ್ಯೆಯಾಗಿ ಹುಡುಗರಿಗೆ ಅಂಟುತ್ತದೆ ಎಂಬುದು ನನ್ನ ಮುಖ್ಯ ಆಕ್ಷೇಪ. ಟಿಕೆಟ್ಟಿನ ದುಡ್ಡಿನ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಬಳಿ ಉತ್ತರವಿಲ್ಲ.

ಪ್ರಶ್ನೆ: ನಮ್ಮ ಎಂಟು ವರ್ಷದ ಮಗಳೂ ಹತ್ತು ವರ್ಷದ ಮಗನೂ ಸ್ಕೇಟ್ ಕಟ್ಟಿ ಹಾಕಿ ಕಲಿಯುತ್ತಿದ್ದಾರೆ. ಭಾರತೀಯ ಮೂಲದವರು ಯಾರಾದರೂ ಈ ದಾರಿಯಲ್ಲಿ ಮೇಲೆ ಬಂದಿದ್ದಾರೆಯೇ? (ಸರ‍್ರೆ, ಬ್ರಿಟಿಷ್ ಕೊಲಂಬಿಯ)

ಉತ್ತರ: ನಿಮ್ಮ ಊರಿನಲ್ಲೇ ಇದ್ದಾರೆ. ಸರ‍್ರೆಯ ಅರ್ಷದೀಪ್ ಬೈನ್ಸ್ ಅವರನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಏಳು ಸುತ್ತು, ಇನ್ನೂರಕ್ಕೂ ಹೆಚ್ಚು ಹೆಸರು, ಅವರದು ಒಂದರಲ್ಲೂ ಇಲ್ಲ. ಅವರು ಜೂನಿಯರ್‌ನಲ್ಲೇ ಉಳಿದು, ರೆಡ್ ಡಿಯರ್ ತಂಡಕ್ಕೆ ಆಡುತ್ತ 2021–22ರಲ್ಲಿ 112 ಅಂಕಗಳೊಂದಿಗೆ ಇಡೀ ವೆಸ್ಟರ್ನ್ ಹಾಕಿ ಲೀಗಿನ ಅಗ್ರಸ್ಥಾನಕ್ಕೆ ಏರಿದಾಗ ವ್ಯಾಂಕೂವರ್ ಒಪ್ಪಂದ ಮಾಡಿಕೊಂಡು, ತನ್ನ ಎಎಚ್‌ಎಲ್ ತಂಡವಿರುವ ಆ್ಯಬಟ್ಸ್‌ಫರ್ಡ್‌ಗೆ ಕಳಿಸಿತು. ಅಲ್ಲಿಂದ ಎನ್‌ಎಚ್‌ಎಲ್‌ಗೂ ಹೋಗಿಬಂದರು. 2025ರ ಜೂನ್‌ನಲ್ಲಿ ಆ್ಯಬಟ್ಸ್‌ಫರ್ಡ್ ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆದ್ದಾಗ ತಂಡದ ಮುಖ್ಯ ಕೋಚ್ ಆಗಿದ್ದವರು ಮ್ಯಾನಿ ಮಲ್ಹೋತ್ರ. ಭಾರತೀಯ ಮೂಲದ ತಂದೆಯ ಮಗ, 1998ರ ಡ್ರಾಫ್ಟ್‌ನ ಏಳನೆಯ ಆಯ್ಕೆ. ನಿಮ್ಮ ಮನೆಯಿಂದ ಆ್ಯಬಟ್ಸ್‌ಫರ್ಡ್‌ನ ಅಂಗಳಕ್ಕೆ ಒಂದು ಗಂಟೆಯೂ ಹಿಡಿಯುವುದಿಲ್ಲ, ಟಿಕೆಟ್ಟು ವ್ಯಾಂಕೂವರಿಗಿಂತ ಅಗ್ಗ. ಮಕ್ಕಳನ್ನು ಗೋಲಿನ ಹಿಂದಿನ ಗಾಜಿನ ಹತ್ತಿರ ಕೂರಿಸಿ, ಪಕ್ಕನ್ನು ಬಿಟ್ಟು ಡಿಫೆನ್ಸ್ ಆಟಗಾರರ ಕತ್ತನ್ನು ನೋಡಲು ಹೇಳಿ.